ನೂಡಲ್ಸ್‌ಗೆ ಯ ಒತ್ತು ಬೇಡ

ಪ್ರೀತಿಯ ಮಕ್ಕಳೇ,

ಭೀಮಸೇನ ಬಂಡಿ ಅನ್ನ ಉಂಡು ಬಕಾಸುರನನ್ನು ಕೊಂದ ಏಕಚಕ್ರಪುರ ನಮ್ಮ ಕೈವಾರವೇ ಎಂದು ಹಿರಿಯರು ಹೇಳುತ್ತಾರೆ. ಆ ಬಂಡಿ ಈಗಿಲ್ಲ, ಸಂಜೆಯಾದರೆ ತಳ್ಳುಗಾಡಿ ಬರುತ್ತದೆ. ಅದರ ಹಲಗೆಯನ್ನು ನಂಬಿ ಕಳೆದ ವಾರ ನಾನು ಪೇಚಿಗೆ ಸಿಕ್ಕಿದೆ.

ನಾಲ್ಕನೇ ತರಗತಿಯ ಮೊಮ್ಮಗಳು 'ನನಗಿಷ್ಟವಾದ ತಿಂಡಿ' ಎಂದು ಹತ್ತು ಸಾಲು ಬರೆಯುತ್ತಿದ್ದಳು. ತಿಂಡಿಯ ಹೆಸರು ಬರೆಯುವುದು ಹೇಗೆಂದು ಕೇಳಿದಳು. ಗಾಡಿಯ ಹಲಗೆ ನೆನಪಾಗಿ 'ನ್ಯೂಡಲ್ಸ್' ಎಂದು ಬರೆಸಿದೆ. ಮಾರನೆಯ ದಿನ ಪುಸ್ತಕದಲ್ಲಿ ಐದು ಕಡೆ ಕೆಂಪು ಸುತ್ತು!

"ನೀನು ಹೇಳಿದ ಹಾಗೇ ಬರೆದೆ ತಾತ" ಎಂದು ಮುಖ ಊದಿಸಿಕೊಂಡಳು. ತಪ್ಪು ನನ್ನದೇ. ಒಪ್ಪಿಕೊಂಡು, ಇಬ್ಬರೂ ಕೂತು ಪದದ ಮೂಲ ಹುಡುಕಿದೆವು.

ಇದು ಜರ್ಮನ್ ಪದ. ಅಲ್ಲಿ 'ನೂಡೆಲ್'. 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು 'ನೂಡಲ್' ಆಯಿತು. ಎರಡು ಕಡೆಯೂ ಮೊದಲಿಗೆ ಇರುವುದು 'ನೂ', 'ನ್ಯೂ' ಅಲ್ಲ. 'ನ್ಯೂಸ್' ಬರೆದು ರೂಢಿಯಾದ ಕೈ ಇಲ್ಲಿಯೂ ಯ ಒತ್ತು ಹಾಕಿಬಿಡುತ್ತದೆ. ನ-ಕ್ಕೆ ಕೊಂಬಿನ ಇಳಿ ಕೊಟ್ಟರೆ ಸಾಕು: ನೂಡಲ್ಸ್. 'ನೂರು' ಬರೆಯಲು ಬಂದರೆ ಇದೂ ಬಂದಂತೆ. ಇನ್ನೊಂದು ಮಾತು: ಕೊನೆಯ 'ಸ್' ಎಂದರೇ ನಮ್ಮ 'ಗಳು'. 'ನೂಡಲ್ಸ್‌ಗಳು' ಎಂದರೆ ಎರಡು ಸಲ 'ಗಳು' ಹೇಳಿದ ಹಾಗೆ!

ಹೆಸರು ಜರ್ಮನಿಯದು, ತಿನಿಸು ಇನ್ನೂ ಹಳೆಯದು. ಚೀನಾದ ಲಾಜಿಯಾ ಎಂಬಲ್ಲಿ ಸುಮಾರು 4,000 ವರ್ಷ ಹಿಂದಿನ ಬಟ್ಟಲೊಂದರಲ್ಲಿ ಇಂಥ ಎಳೆಗಳು ಸಿಕ್ಕವು. ಅವು ನವಣೆ, ಬರಗಿನವು ಎಂದು 2005ರಲ್ಲಿ ವಿಜ್ಞಾನಿಗಳು ಬರೆದರು. "ಹಾಗಾದರೆ ನಮ್ಮ ಶ್ಯಾವಿಗೆಗೆ ನೆಂಟರೇ ಬಿಡಿ" ಎಂದಳು ಅಜ್ಜಿ.

"ಗಾಡಿಯವರದ್ದು ತಪ್ಪು ಅಂತ ಈಗಲೇ ಹೇಳ್ತೀನಿ" ಎಂದು ಮೊಮ್ಮಗಳು ಹೊರಟಳು. "ಗಿರಾಕಿಗಳ ಮುಂದೆ ಬೇಡ ಪುಟ್ಟಿ, ಸ್ವಲ್ಪ ತಡಿ" ಎಂದೆ. ಜನ ಕರಗಿದ ಮೇಲೆ ಹೋಗಿ, "ಅಣ್ಣಾ, ನಾನೂ ಹೀಗೇ ತಪ್ಪು ಬರೆದಿದ್ದೆ" ಎಂದು ಪುಸ್ತಕ ತೋರಿಸಿದಳು. ಅವರು ಒಂದು ಕ್ಷಣ ಸುಮ್ಮನಿದ್ದು, "ನಾನು ಓದಿದ್ದು ಮೂರನೇ ತರಗತಿಯಮ್ಮ, ನೀನೇ ಬರೆದುಕೊಡು" ಎಂದು ಹಲಗೆ ಒರೆಸಿ ಸೀಮೆಸುಣ್ಣ ಕೊಟ್ಟರು. ಅವಳು ಗುಂಡಗೆ ಬರೆದಳು.

ತಪ್ಪು ತಿದ್ದುವಾಗ ಎದುರಿನವರ ಮರ್ಯಾದೆ ಉಳಿಯಬೇಕು ಮಕ್ಕಳೇ. 'ನಾನೂ ತಪ್ಪಿದ್ದೆ' ಎಂದು ಶುರುಮಾಡಿದರೆ ಅದು ಸುಲಭ.

ಈ ವಾರ ನಿಮಗೊಂದು ಕೆಲಸ. 'ಬರ್ಗರ್' ಬಂದದ್ದೂ ಜರ್ಮನಿಯ ಒಂದು ಊರಿನ ಹೆಸರಿನಿಂದಲೇ. ಯಾವ ಊರು? ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿ.

ನಿಮ್ಮ ತಾತ