ಫೋನಿನ ಮಿದುಳು, ಲ್ಯಾಪ್‌ಟಾಪಿನ ಒಡಲು

ಮಕ್ಕಳೇ, ಅಜ್ಜಿಯ ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನು ಒಮ್ಮೆ ನೋಡಿ. ಅದರೊಳಗೆ ಬಹುಮಟ್ಟಿಗೆ ಇಬ್ಬರು ಗೆಳೆಯರಿರುತ್ತಾರೆ: ಆರ್ಮ್ ಮತ್ತು ಲಿನಕ್ಸ್. ಆರ್ಮ್ ಎಂದರೆ ಒಂದು ಬಗೆಯ ಪ್ರೊಸೆಸರ್, ಯಂತ್ರದ ಮಿದುಳು. 1985ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದನ್ನು ರೂಪಿಸಿದರು. ಕರೆಂಟು ಕಡಿಮೆ ತಿನ್ನುವುದು ಅದರ ದೊಡ್ಡ ಗುಣ. ಲಿನಕ್ಸ್ ಎಂದರೆ ಆ ಮಿದುಳಿಗೆ ಕೆಲಸ ಹೇಳುವ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದಾಗ ಅವನಿಗೆ 21 ವರ್ಷ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ದುಡ್ಡು ಕೊಡಬೇಕಿಲ್ಲ.

ಈ ಜೋಡಿಗೆ ನಮ್ಮ ನಾಡಿನ ನಂಟೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್‌ನವರು ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಕಂಪ್ಯೂಟರ್ ತೋರಿಸಿದರು. ಅದರ ಮಿದುಳು ಆರ್ಮ್ ಜಾತಿಯದು, ನಡೆಸುತ್ತಿದ್ದದ್ದು ಲಿನಕ್ಸ್. ಓದು ಬಾರದ ಹಳ್ಳಿಯವರಿಗೂ ಅದು ಕನ್ನಡದಲ್ಲಿ ಓದಿ ಹೇಳಬೇಕು, ಒಂದನ್ನೇ ಹಲವರು ಹಂಚಿಕೊಳ್ಳಬೇಕು ಎಂಬುದು ಆಸೆ. ಮಾರಾಟ ಹೆಚ್ಚಾಗಲಿಲ್ಲ. ಆದರೆ ಮುಂದೆ ಮನೆಮನೆಗೆ ಬಂದ ಫೋನಿನಲ್ಲಿ ಕೂತದ್ದು ಅದೇ ಜೋಡಿ.

ಈಗ ಆರ್ಮ್ ಲ್ಯಾಪ್‌ಟಾಪಿಗೂ ಬಂದಿದೆ. ದಾವಣಗೆರೆಯಲ್ಲಿ ಓದುವ ನನ್ನ ಮೊಮ್ಮಗಳು ಅಂಥದೊಂದನ್ನು ತೆಲಿಗಿಗೆ ತಂದು, “ಅಜ್ಜಾ, ಇದಕ್ಕ ಲಿನಕ್ಸ್ ಹಾಕ್ತೀನಿ” ಅಂದಳು. ಗೆಳತಿ ಕೊಟ್ಟ ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಅದನ್ನು ಗುರುತಿಸಲೇ ಇಲ್ಲ.

ಕಾರಣ ಸರಳ. ಕನ್ನಡ, ತೆಲುಗು ಅಕ್ಷರಗಳು ನೋಡಲು ಅಕ್ಕತಂಗಿಯರಂತಿದ್ದರೂ ಕನ್ನಡ ಮಾತ್ರ ಬಲ್ಲವರಿಗೆ ತೆಲುಗು ಪತ್ರ ಅರ್ಥವಾಗದು. ಹಾಗೆಯೇ ಇಂಟೆಲ್ ಮಿದುಳಿಗೆ ಬರೆದದ್ದು ಆರ್ಮ್‌ಗೆ ತಿಳಿಯದು. ಡೆಬಿಯನ್, ಉಬುಂಟುಗಳಲ್ಲಿ ‘ಎಎಂಡಿ64’ ಎಂಬ ಕಡತ ಇಂಟೆಲ್, ಎಎಂಡಿ ಎರಡಕ್ಕೂ ಸರಿ. ಆರ್ಮ್‌ಗೆ ‘ಆರ್ಮ್64’ ಎಂದು ಬರೆದದ್ದೇ ಬೇಕು.

ಅಷ್ಟೇ ಸಾಲದು. ಊರಿಗೆ ಹೊಸದಾಗಿ ಬಂದ ಅಂಚೆಯಣ್ಣನಿಗೆ ಯಾರ ಮನೆ ಎಲ್ಲಿ ಎಂಬ ಪಟ್ಟಿ ಬೇಕಲ್ಲವೇ? ಸಾಮಾನ್ಯ ಕಂಪ್ಯೂಟರ್ ತನ್ನ ಭಾಗಗಳ ಪಟ್ಟಿಯನ್ನು ತಾನೇ ಲಿನಕ್ಸ್‌ಗೆ ಒಪ್ಪಿಸುತ್ತದೆ. ಅನೇಕ ಆರ್ಮ್ ಲ್ಯಾಪ್‌ಟಾಪುಗಳಿಗೆ ಆ ಪಟ್ಟಿಯನ್ನು ಮಾದರಿಗೊಂದರಂತೆ ಯಾರಾದರೂ ಬರೆದುಕೊಡಬೇಕು. ಅದರ ಹೆಸರು ‘ಡಿವೈಸ್ ಟ್ರೀ’. ಪಟ್ಟಿ ಇಲ್ಲವಾದರೆ ಪರದೆ ಕತ್ತಲು, ಅರೆಬರೆಯಾದರೆ ವೈಫೈ ಇಲ್ಲ, ಇಲ್ಲವೇ ಸದ್ದಿಲ್ಲ.

ಅವಳು ಸರಿಯಾದ ಕಡತ ಇಳಿಸಿಕೊಂಡಳು. ಆಗ ನಾನು ಕೇಳಿದ್ದು ಒಂದೇ: “ಅಜ್ಜಿ ಸೋಬಾನೆ ಪದ ಎಲ್ಲಿ ಅದಾವವ್ವಾ?” ಅಜ್ಜಿ ಹಾಡಿದ ಪದಗಳನ್ನೆಲ್ಲ ಅವಳು ಅದೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಳು. ಈಗ ಅಜ್ಜಿ ಇಲ್ಲ. ಹೊಸ ವ್ಯವಸ್ಥೆ ಕೂರಿಸುವಾಗ ‘ಡಿಸ್ಕ್ ಅಳಿಸು’ ಎಂಬುದನ್ನು ಒತ್ತಿದರೆ ಇದ್ದದ್ದೆಲ್ಲ ಹೋಗುತ್ತದೆ. ಹಾಡುಗಳನ್ನು ಎರಡು ಕಡೆ ನಕಲು ಮಾಡಿದಳು. ಪ್ರತಿಯೊಂದನ್ನೂ ತೆರೆದು ಕೇಳಿ ನೋಡಿದಳು.

ಬಳಿಕ ಕೂರಿಸದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದಳು. ಪರದೆ ಬೆಳಗಿತು, ಕನ್ನಡ ಅಕ್ಷರ ಚೆನ್ನಾಗಿ ಮೂಡಿತು, ವೈಫೈ ಸಿಕ್ಕಿತು. “ಅಜ್ಜಾ, ಎಲ್ಲಾ ಆತು, ಆದ್ರ ಅಜ್ಜಿ ದನಿನ ಬರವಲ್ದು!” ಆ ಮಾದರಿಯ ಸ್ಪೀಕರ್ ಲಿನಕ್ಸ್‌ಗೆ ಇನ್ನೂ ಪರಿಚಯವಾಗಿರಲಿಲ್ಲ.

ಅವಳು ಅಂದು ಕೂರಿಸಲಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಪೆನ್‌ಡ್ರೈವ್‌ನಲ್ಲಿ ಪರೀಕ್ಷಿಸುತ್ತಾಳೆ. ಅಲ್ಲಿಯವರೆಗೆ ಹಳೆಯದೇ ಇರಲಿ ಎಂದಿದ್ದಾಳೆ.

ನೀವೂ ಪ್ರಯತ್ನಿಸುವುದಾದರೆ ಈ ಕ್ರಮ ನೆನಪಿಡಿ: ಮನೆಯ ಹಿರಿಯರಿಗೆ ಹೇಳಿ, ಮುಖ್ಯವಾದದ್ದನ್ನು ನಕಲು ಮಾಡಿ, ನಿಮ್ಮ ಮಾದರಿಗೆ ಬೆಂಬಲ ಇದೆಯೇ ನೋಡಿ, ಕೂರಿಸದೆ ನಡೆಸಿ ನೋಡಿ, ಬ್ಯಾಟರಿ ತುಂಬಿಸಿಕೊಳ್ಳಿ. ಅಜ್ಜ ಅಜ್ಜಿಯರೇ, ನಿಮ್ಮ ಹಾಡು, ಕಥೆ, ಫೋಟೋಗಳು ಯಾವ ಯಂತ್ರದಲ್ಲಿವೆ ಎಂದು ಇವತ್ತೇ ಮೊಮ್ಮಕ್ಕಳನ್ನು ಕೇಳಿ. ಒಂದೇ ಕಡೆ ಇದ್ದರೆ ಇನ್ನೊಂದು ಕಡೆಯೂ ಇಡಲು ಹೇಳಿ.