ಕಥೆಗೆ ವಯಸ್ಸುಂಟೆ?

ಒಂಬತ್ತನೆಯ ತರಗತಿಗೆ ಬಂದ ಬಾಲಕ ಬಾಲಕಿಯರು ಮಕ್ಕಳ ಪುಸ್ತಕಗಳನ್ನು ಓದುವ ವಯಸ್ಸು ತಮಗೆ ಮುಗಿಯಿತೆಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ನನಗೆ ಕಲಿಸಿದವನು ನನ್ನ ವಿದ್ಯಾರ್ಥಿಯೇ.

ಭಂಕೂರಿನ ಹುಡುಗನೊಬ್ಬ ವ್ಯಾಕರಣದ ಪಾಠ ನಡೆದಿರುವಾಗ ಪಠ್ಯಪುಸ್ತಕದ ಮರೆಯಲ್ಲಿ ಬೇರೊಂದು ಪುಸ್ತಕವನ್ನಿಟ್ಟುಕೊಂಡು ಓದುತ್ತಿದ್ದ. ನಾನು ಸಿಟ್ಟಿನಿಂದ ಅದನ್ನು ಕಸಿದುಕೊಂಡೆ. ಅದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’.

“ಇದು ಚಿಕ್ಕ ಮಕ್ಕಳ ಪುಸ್ತಕವಲ್ಲವೇನೋ?” ಎಂದು ಗದರಿದೆ.

“ಅವ್ವಗ ಓದಿ ಹೇಳಬೇಕ್ರಿ ಸರ್, ದಿನಾ ಕೇಳತಾಳ್ರಿ” ಎಂದನು.

ಆ ತಾಯಿ ಹಾಸುಗಲ್ಲಿನ ಗಣಿಯಲ್ಲಿ ದುಡಿಯುವವಳು, ಅಕ್ಷರ ಬಾರದವಳು. ಅಂದು ರಾತ್ರಿ ನಾನೂ ಆ ಪುಸ್ತಕವನ್ನು ಓದಿದೆ. ಮರುದಿನ ಹುಡುಗನಿಗೆ ಹಿಂದಿರುಗಿಸಿದೆ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವೇ ಅದಕ್ಕೆ ಮೂಲ; ಆದರೂ ಅದು ನಮ್ಮ ನೆಲದಲ್ಲಿಯೇ ಹುಟ್ಟಿದ ಕಥೆಯಂತಿದೆ. ಇಲಿಗಳ ಹಾವಳಿಯನ್ನೂ ಜೋಗಿಯ ಕಿಂದರಿಯ ಮೋಡಿಯನ್ನೂ ಕಂಡು ಮಗು ನಗುತ್ತದೆ. ಗೌಡನು ಕೊಟ್ಟ ಮಾತಿಗೆ ತಪ್ಪಿ, ಊರಿನ ಮಕ್ಕಳು ಜೋಗಿಯ ಹಿಂದೆ ಹೊರಟಾಗ ಹಿರಿಯರ ಎದೆ ನಡುಗುತ್ತದೆ. ದುಡಿಸಿಕೊಂಡು ಕೂಲಿ ಕೊಡದಿದ್ದರೆ ಆಗುವ ನೋವನ್ನು ಆ ತಾಯಿ ನನಗಿಂತ ಚೆನ್ನಾಗಿ ಬಲ್ಲಳು. ಕಥೆ ಒಂದೇ, ಕೇಳುವವರ ಬದುಕಿಗೆ ತಕ್ಕಂತೆ ಅದರ ಅರ್ಥ ಬೆಳೆಯುತ್ತದೆ.

ಕಲ್ಪನೆಯ ಕಥೆಗಳು ಬರಿಯ ಸುಳ್ಳು, ಕಾಲಹರಣ ಎನ್ನುವವರಿದ್ದಾರೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ಕನ್ನಡದ ‘ಪಂಚತಂತ್ರ’ವನ್ನು ರಚಿಸಿದನು. ಯುದ್ಧ ಮತ್ತು ಸಂಧಿಗಳ ಹೊಣೆ ಹೊತ್ತ ಮಂತ್ರಿಯು ಮೃಗಪಕ್ಷಿಗಳ ಕಥೆ ಹೇಳಲು ಸಂಕೋಚಪಡಲಿಲ್ಲ. ನರಿಯ ಕುತಂತ್ರದಲ್ಲಿ ಅವನು ಅರಮನೆಯ ಕುತಂತ್ರವನ್ನೇ ಕಂಡಿರಬೇಕು. ಲೂಯಿ ಕ್ಯಾರೊಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕ. ದೋಣಿವಿಹಾರದಲ್ಲಿ ಪುಟ್ಟ ಹುಡುಗಿಯರಿಗೆ ಆತ ಹೇಳಿದ ಕಥೆಯೇ 1865ರಲ್ಲಿ ಆಲಿಸಳ ಅದ್ಭುತಲೋಕದ ಪುಸ್ತಕವಾಯಿತು. ನಾ. ಕಸ್ತೂರಿಯವರು ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದರು. ಅಲ್ಲಿಯ ವಿಚಿತ್ರ ಮಾತುಗಳು ಮಕ್ಕಳಿಗೆ ನಗೆ, ತರ್ಕ ಬಲ್ಲವರಿಗೆ ಒಗಟು.

ವಿದ್ಯಾರ್ಥಿಗಳೇ, ಇಂತಹ ಪುಸ್ತಕಗಳನ್ನು ನಾಚಿಕೆಯಿಲ್ಲದೆ ಓದಿರಿ. ನೀವು ಕಲಿತ ಅಕ್ಷರ ನಿಮ್ಮೊಬ್ಬರ ಸೊತ್ತಲ್ಲ. ಸಂಜೆ ದುಡಿದು ಬಂದ ತಾಯಿತಂದೆಯರನ್ನೂ, ಅಜ್ಜ ಅಜ್ಜಿಯರನ್ನೂ, ತಮ್ಮ ತಂಗಿಯರನ್ನೂ ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿರಿ. ತಮ್ಮನು ಎಲ್ಲಿ ನಕ್ಕನು, ಅಜ್ಜಿ ಎಲ್ಲಿ ಮೌನವಾದಳು ಎಂಬುದನ್ನು ಗಮನಿಸಿರಿ. ನೀವೊಬ್ಬರೇ ಓದಿದಾಗ ಕಾಣದಿದ್ದ ಅರ್ಥ ಆಗ ನಿಮಗೆ ಹೊಳೆಯುವುದು.