ಎಂಟು ಅಂಕಿಗಳ ಮುಂದೆ ಕಣ್ಣು ಮುಚ್ಚಿದವರು

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಮೂಡಣ ಸೀಮೆಯಲ್ಲಿ, ಸೋನ್ಯಾಳ, ಮಾಡಗ್ಯಾಳ, ಸಂಖ, ಉಮದಿಗಳಲ್ಲಿ, ಗಾಡಿ ಇಲ್ಲದೆ ಬದುಕು ಸಾಗದು. ದಾಳಿಂಬೆ, ದ್ರಾಕ್ಷಿ ಪೇಟೆ ಸೇರುವುದು ಪಿಕಪ್ಪಿನಲ್ಲಿ. ಕಬ್ಬು ಕಡಿಯಲು ಹೊರಟ ಕುಟುಂಬಗಳು ಮಕ್ಕಳುಮರಿ ಸಮೇತ ಹೋಗುವುದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ. ದಿನ ತುಂಬಿದ ಬಸುರಿ ಆಸ್ಪತ್ರೆಗೆ ಹೋಗುವುದು ಕ್ರೂಸರಿನಲ್ಲಿ. ಇಷ್ಟು ಜೀವ ಹೊರುವ ಗಾಡಿಯ ಬ್ರೇಕಿಗೆ ಹಾಕಿದ ಲೈನರ್ ಯಾವ ದೇಶದ್ದು, ಯಾವ ಹೆಸರು ಹೇಳಿಕೊಂಡು ಬಂದರಿನಲ್ಲಿ ಇಳಿಯಿತು, ಕಾಗದದ ಮೇಲೆ ಅದನ್ನು ಏನೆಂದು ಬರೆದಿದ್ದಾರೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? ಕೇಳಿಲ್ಲ. ಕೇಳಬೇಕೆಂಬುದು ನಮಗೆ ಚೆನ್ನಾಗಿ ಗೊತ್ತು. ಕೇಳಿದರೆ ಅಂಗಡಿಯವ ಪಕ್ಕಾ ಬಿಲ್ ಬರೆಯುತ್ತಾನೆ, ಬರೆದರೆ ತೆರಿಗೆ ಕೂಡುತ್ತದೆ, ಕೂಡಿದರೆ ಕಿಸೆಯಿಂದ ನಾಲ್ಕು ದುಡ್ಡು ಹೆಚ್ಚು ಹೋಗುತ್ತದೆ. ಆ ನಾಲ್ಕು ದುಡ್ಡಿಗಾಗಿ ನಾವು ಮೌನವನ್ನು ಕೊಂಡುಕೊಂಡಿದ್ದೇವೆ.

ಸುಂಕದ ವರ್ಗೀಕರಣ ಎಂದರೆ ಮುಂಬಯಿಯ ಸಾಹೇಬರ ವಿಷಯ ಎಂದು ಕೈತೊಳೆದುಕೊಳ್ಳುವವರು ಒಂದು ಬ್ರೇಕ್ ಶೂವನ್ನು ಕೈಯಲ್ಲಿ ಹಿಡಿದು ನೋಡಲಿ. ಬಾಗಿದ ಕಬ್ಬಿಣದ ತುಂಡು, ಅದರ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ ಒರಟು ಲೈನರ್. ಲೈನರ್ ಒಂದೇ ಬಿಡಿಯಾಗಿ ಬಂದರೆ ಸುಂಕದ ಪಟ್ಟಿಯ ಎಂಟು ಅಂಕಿಗಳ ಸಂಖ್ಯೆಯಲ್ಲಿ ಅದರ ಮೊದಲ ನಾಲ್ಕು 6813. ಶೂಗೆ ಕೂರಿಸಿ ತಂದರೆ 8708, ಅಂದರೆ ಮೋಟಾರು ವಾಹನದ ಭಾಗ. ಪಿಸ್ಟನ್ 8409, ಬೇರಿಂಗ್ 8482, ಹೆಡ್‌ಲೈಟ್ 8512, ವೈರಿಂಗ್ 8544, ಮುಂದಿನ ಗಾಜು 7007, ಟಯರು 4011. ಕ್ಲಚ್, ರೇಡಿಯೇಟರ್, ಗೇರ್‌ಬಾಕ್ಸ್, ಸ್ಟೇರಿಂಗ್ ಎಲ್ಲ 8708ರ ಒಳಗೆ ಬೇರೆ ಬೇರೆ ಮನೆಗಳು. ಗಾಡಿಗೆ ಹಾಕುವುದೆಲ್ಲ ಗಾಡಿಯ ಭಾಗವಲ್ಲ ಎಂದು ಪಟ್ಟಿಯ ಹದಿನೇಳನೆಯ ವಿಭಾಗದ ಟಿಪ್ಪಣಿಗಳು ಬಿಡಿಸಿ ಹೇಳುತ್ತವೆ: ಸಾಮಾನ್ಯ ಬೋಲ್ಟು, ಸ್ಪ್ರಿಂಗು, ರಬ್ಬರ್ ವಾಷರು, ವಿದ್ಯುತ್ ಸಾಮಾನು ತಮ್ಮ ತಮ್ಮ ಅಧ್ಯಾಯಕ್ಕೇ ಹೋಗಬೇಕು. ಕೊನೆಗೆ ಎಲ್ಲಿಯೂ ಸೇರದ್ದಕ್ಕೆ ‘ಇತರೆ’ ಎಂಬ ಒಂದು ಸಾಲು ಇದೆ. ಬೇರೆ ಹೆಸರಿಲ್ಲದ ವಸ್ತುವಿಗೆಂದು ಇಟ್ಟ ಆ ಸಾಲು ಈಗ ಯೋಚನೆ ಮಾಡಲು ಮನಸ್ಸಿಲ್ಲದವರ ಆಶ್ರಯವಾಗಿದೆ.

ಒಂದು ಅಂಕಿ ಆಚೀಚೆ ಆದರೆ ಏನಾಯಿತು ಎನ್ನುತ್ತೇವೆ. 2018ರ ಬಜೆಟ್ಟಿನಲ್ಲಿ ಹಲವು ವಾಹನ ಬಿಡಿಭಾಗಗಳ ಮೂಲ ಸುಂಕ ಶೇ 15ಕ್ಕೆ ಏರಿತು. 84ನೆಯ ಅಧ್ಯಾಯದ ಎಷ್ಟೋ ಯಂತ್ರಭಾಗಗಳಿಗೆ ಅದು ಶೇ 7.5. ಒಂದು ಕೋಟಿ ರೂಪಾಯಿಯ ಮಾಲನ್ನು ಮೊದಲನೆಯದರ ಬದಲು ಎರಡನೆಯದರಲ್ಲಿ ತೋರಿಸಿದರೆ ಮೂಲ ಸುಂಕದಲ್ಲಿ ಏಳೂವರೆ ಲಕ್ಷ, ಅದರ ಮೇಲಿನ ಶೇ 10ರ ಸಮಾಜ ಕಲ್ಯಾಣ ಅಧಿಭಾರದಲ್ಲಿ ಮುಕ್ಕಾಲು ಲಕ್ಷ, ಒಟ್ಟು 8,25,000 ರೂಪಾಯಿ ಖಜಾನೆ ತಪ್ಪಿ ಹೋಗುತ್ತದೆ. ಐಜಿಎಸ್‌ಟಿ ಇದರಲ್ಲಿ ಸೇರಿಲ್ಲ. ಯಾರೂ ಗೋಡೆ ಕೊರೆಯಬೇಕಾಗಿಲ್ಲ, ಬೀಗ ಒಡೆಯಬೇಕಾಗಿಲ್ಲ. ಗಣಕಯಂತ್ರದ ಮುಂದೆ ಕೂತ ಹುಡುಗ ಒಂದು ಸಂಖ್ಯೆ ಬದಲಿಸಿದರೆ ಸಾಕು.

ಈ ನೆಲದಲ್ಲಿ ಸುಂಕಕ್ಕೆ ಇದ್ದ ಮರ್ಯಾದೆಯನ್ನು ನಾವು ಪೂರ್ತಿ ಮರೆತಿದ್ದೇವೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ ಬೇರೆ, ವಡ್ಡರಾವುಳ ಬೇರೆ, ಬಿಲ್ಕೊಡೆ ಬೇರೆ. ಎಲೆಗೆ, ಅಡಕೆಗೆ, ಮೆಣಸಿಗೆ, ಎತ್ತಿನ ಹೇರಿಗೆ, ತಲೆಹೊರೆಗೆ ಎಷ್ಟೆಷ್ಟು ಎಂದು ಕಲ್ಲಿನ ಮೇಲೆ ಕೊರೆದು ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದವರು ತಮ್ಮ ಸರಕಿನ ಮೇಲೆ ತಾವೇ ಆಯ ಕಟ್ಟಿಕೊಂಡು ದೇವಾಲಯಕ್ಕೆ, ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ದಾಖಲೆಗಳಿವೆ. ನಮ್ಮ ತಾಲೂಕಿಗೆ ತಾಗಿಯೇ ಇರುವ ಮಂಗಳವೇಢೆಯಲ್ಲಿ ಬಸವಣ್ಣ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದರು. ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಬಂಕಣ್ಣ ಶರಣರ ಸಾಲಿನಲ್ಲಿ ಕೂತು ವಚನ ಬರೆದ. ಇಂದಿಗೂ ಅವನು ಸುಂಕದ ಬಂಕಣ್ಣನೇ. ಬಸವ ಜಯಂತಿಯ ದಿನ ಅದೇ ಶರಣರ ಭಾವಚಿತ್ರ ಹೊತ್ತು ಮೆರವಣಿಗೆ ಮಾಡುತ್ತೇವೆ. ಮರುದಿನ ಬೆಳಿಗ್ಗೆ ಅಂಗಡಿಯ ಗಲ್ಲೆಯ ಮುಂದೆ ನಿಂತು ‘ಬಿಲ್ ಬ್ಯಾಡ, ರೇಟು ಕಮ್ಮಿ ಮಾಡ್ರಿ’ ಎನ್ನುತ್ತೇವೆ. ಕಾಯಕದ ಮಾತನ್ನು ಬಾಯಿಪಾಠ ಮಾಡಿದವರ ಬದುಕಿನಲ್ಲಿ ಲೆಕ್ಕದ ಶುದ್ಧಿಗೆ ಜಾಗವಿಲ್ಲ.

ನಮ್ಮ ಅಪ್ಪಂದಿರ ಕಾಲಕ್ಕೆ ಗಡಿಯಲ್ಲಿ ನಾಕಾ ಇತ್ತು. ತಾಡಪತ್ರಿ ಎತ್ತಿಸಿ, ಪೆಟ್ಟಿಗೆ ಬಿಚ್ಚಿಸಿ ನೋಡುವವರಿದ್ದರು. ಅಲ್ಲಿ ಲಂಚ ಇತ್ತು, ಕಿರುಕುಳ ಇತ್ತು, ಅದನ್ನು ಹೊಗಳಬೇಕಾಗಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ಗಡಿಯ ಆ ನಾಕಾಗಳು ಎದ್ದುಹೋದವು. ಬಂದರಿನಲ್ಲಿ ಅದಕ್ಕೂ ಮೊದಲೇ, 2011ರಲ್ಲಿ, ಕಸ್ಟಮ್ಸ್ ಕಾಯ್ದೆಯ 17ನೆಯ ಕಲಮು ಬದಲಾಗಿ ಸುಂಕವನ್ನು ಆಮದುದಾರ ತಾನೇ ನಿರ್ಧರಿಸಿಕೊಳ್ಳುವ ಪದ್ಧತಿ ಬಂತು. ಸಂಶಯಪಡುವುದನ್ನು ಸರಕಾರ ಕಡಿಮೆ ಮಾಡಿತು. ‘ನೀವೇ ಹೇಳಿ, ನಂಬುತ್ತೇವೆ’ ಎಂದಿತು. ಪ್ರಾಮಾಣಿಕ ಸಮಾಜವೊಂದು ಇದನ್ನು ಗೌರವ ಎಂದು ಸ್ವೀಕರಿಸುತ್ತಿತ್ತು. ನಾವು ಸ್ವೀಕರಿಸಿದ್ದು ರಜೆ ಎಂದು. ಕಾಯುವವನಿದ್ದಾಗ ಅಂಜಿಕೆಗೆ ಸರಿಯಾಗಿದ್ದೆವು, ನಂಬುವವನು ಬಂದ ದಿನವೇ ಸಡಿಲಾದೆವು.

2024ರ ಸೆಪ್ಟೆಂಬರಿನಲ್ಲಿ ಸ್ಕೋಡಾ ಆಟೊ ಫೋಕ್ಸ್‌ವ್ಯಾಗನ್ ಇಂಡಿಯಾ ಕಂಪನಿಗೆ 1.4 ಶತಕೋಟಿ ಡಾಲರಿನ ಸುಂಕದ ನೋಟೀಸು ಹೋಯಿತು. ಹೆಚ್ಚುಕಡಿಮೆ ಇಡೀ ಕಾರುಗಳನ್ನೇ ಬಿಚ್ಚಿ, ಬೇರೆ ಬೇರೆ ಸಾಗಣೆಗಳಲ್ಲಿ ತರಿಸಿ, ಬಿಡಿಭಾಗ ಎಂದು ತೋರಿಸಿ, ಶೇ 30ರಿಂದ 35ರ ಜಾಗದಲ್ಲಿ 5ರಿಂದ 15 ಮಾತ್ರ ಕಟ್ಟಿದ್ದಾರೆ ಎಂಬುದು ಇಲಾಖೆಯ ಆರೋಪ. ಬಿಚ್ಚಿ ತಂದರೂ ವಸ್ತುವಿನ ಮೂಲಗುಣ ಉಳಿದಿದ್ದರೆ ಅದನ್ನು ಇಡೀ ವಸ್ತು ಎಂದೇ ಎಣಿಸಬೇಕೆಂಬ ನಿಯಮ ಸುಂಕದ ಪಟ್ಟಿಯ ಮೊದಲ ಪುಟಗಳಲ್ಲೇ ಇದೆ. ಕಂಪನಿ ಆರೋಪವನ್ನು ಒಪ್ಪದೆ ಬಾಂಬೆ ಹೈಕೋರ್ಟಿಗೆ ಹೋಯಿತು. ಸರಿತಪ್ಪು ಹೇಳುವುದು ನ್ಯಾಯಾಲಯದ ಕೆಲಸ. ನಾನು ಕೇಳುವುದು ನಮ್ಮ ಬಗ್ಗೆ. ಆ ಕಂಪನಿಯ ಒಂದು ಕಾರ್ಖಾನೆ ಇರುವುದು ನಮ್ಮದೇ ರಾಜ್ಯದ ಸಂಭಾಜಿನಗರದಲ್ಲಿ. ಸುದ್ದಿ ಓದಿ ‘ದೊಡ್ಡವರ ಆಟ’ ಎಂದು ಪತ್ರಿಕೆ ಮಡಚಿಟ್ಟೆವು. ದೊಡ್ಡವರ ಮೇಲೆ ಆರೋಪ ಬಂದದ್ದೇ ನಮಗೆ ಸಮಾಧಾನವಾಯಿತು, ನಮ್ಮ ಸಣ್ಣ ಸುಳ್ಳುಗಳಿಗೆ ಮಾಫಿ ಸಿಕ್ಕ ಹಾಗೆ.

ಬಂದರಿನ ಕಾಗದಕ್ಕೂ ಸೋನ್ಯಾಳದ ಮನೆಗೂ ಏನು ನಂಟು ಎನ್ನುವ ತಂದೆತಾಯಿಗಳು ತಮ್ಮ ಮಕ್ಕಳು ಎಲ್ಲಿ ದುಡಿಯುತ್ತಿದ್ದಾರೆ ಎಂದು ಒಮ್ಮೆ ಎಣಿಸಲಿ. ಬಿ.ಕಾಂ. ಮುಗಿಸಿದವನು ಪುಣೆ, ಚಾಕಣ, ನವಿ ಮುಂಬಯಿ ಎಂದು ಹೋಗುತ್ತಾನೆ. ಬಿಡಿಭಾಗದ ಗೋದಾಮಿನಲ್ಲಿ, ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾ ಪತ್ರ, ತುಂಬುವ ಕೆಲಸಕ್ಕೆ ಕೂರುತ್ತಾನೆ. ‘ಹೋದ ಸಲ ಹಾಕಿದ ನಂಬರ್ ಹಾಕು’ ಎಂದು ಮೇಲಿನವರು ಹೇಳುತ್ತಾರೆ, ಹಾಕುತ್ತಾನೆ. ಮಾಲು ಯಾವುದು ಎಂದು ಪೆಟ್ಟಿಗೆ ತೆಗೆದು ನೋಡಿರುವುದಿಲ್ಲ, ಕ್ಯಾಟಲಾಗು ಓದಿರುವುದಿಲ್ಲ, ಅಧ್ಯಾಯದ ಟಿಪ್ಪಣಿ ತೆರೆದೇ ಇರುವುದಿಲ್ಲ. ನಾವು ಫೋನಿನಲ್ಲಿ ಅವನನ್ನು ಕೇಳುವುದು ಪಗಾರ ಎಷ್ಟು ಏರಿತು ಎಂದು. ಏನಕ್ಕೆ ಸಹಿ ಬೀಳುತ್ತಿದೆ ಎಂದು ಕೇಳಿದ ತಂದೆ ಎಷ್ಟು ಜನ? 2018ರ ಕಸ್ಟಮ್ಸ್ ಬ್ರೋಕರುಗಳ ನಿಯಮಾವಳಿಯ ಹತ್ತನೆಯ ನಿಯಮ ನೇರವಾಗಿದೆ: ಕಾನೂನಿನಂತೆ ನಡೆಯಲು ಗಿರಾಕಿಗೆ ಸಲಹೆ ಕೊಡಬೇಕು, ಅವನು ಕೇಳದಿದ್ದರೆ ಇಲಾಖೆಯ ಅಧಿಕಾರಿಗೆ ತಿಳಿಸಬೇಕು. ಹೀಗೆ ಎದ್ದು ಹೇಳುವ ಎದೆಗಾರಿಕೆ ಇಪ್ಪತ್ತೆರಡರ ವಯಸ್ಸಿಗೆ ಒಮ್ಮೆಗೇ ಬರುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯ ಮುಂದೆ ಅಪ್ಪ ಬಿಲ್ ಕೇಳಿದ್ದನ್ನು ನೋಡಿ ಬರಬೇಕು. ಗಡಿ, ಭಾಷೆ, ಫಲಕಗಳ ವಿಷಯಕ್ಕೆ ಊರೆಲ್ಲ ಕೂಡುವ ನಾವು, ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಒಂದು ಬಿಲ್ಲನ್ನು ಸರಿಯಾಗಿ ಓದಲು ಕಲಿಸುವುದಕ್ಕೆ ಒಂದು ಸಂಜೆಯನ್ನೂ ಕೊಟ್ಟಿಲ್ಲ.

ನೋಟೀಸು ಬಂದಾಗ ಮಾತ್ರ ಎಚ್ಚರವಾಗುತ್ತದೆ. ಬರೀ ತಪ್ಪು ಎಂದಾದರೆ ಎರಡು ವರ್ಷ ಹಿಂದಕ್ಕೆ, ಬೇಕೆಂದೇ ಸುಳ್ಳು ಹೇಳಿದ್ದು, ಮುಚ್ಚಿಟ್ಟದ್ದು ಎಂದಾದರೆ ಐದು ವರ್ಷ ಹಿಂದಕ್ಕೆ ಹೋಗಿ ಕೇಳುವ ಅಧಿಕಾರವನ್ನು ಕಸ್ಟಮ್ಸ್ ಕಾಯ್ದೆಯ 28ನೆಯ ಕಲಮು ಇಲಾಖೆಗೆ ಕೊಟ್ಟಿದೆ. ಸುಂಕ, ಬಡ್ಡಿ, ಸುಂಕದಷ್ಟೇ ದಂಡ, ಮಾಲಿನ ಜಪ್ತಿ. ಆಗ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲು ಹೋಗುತ್ತೇವೆ. ಆದರೆ ದಂಡಕ್ಕಿಂತ ದೊಡ್ಡ ನಷ್ಟ ಬೇರೆ ಇದೆ, ಅದು ಯಾವ ನೋಟೀಸಿನಲ್ಲೂ ಬರೆದಿರುವುದಿಲ್ಲ. ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ವಾಹನಗಳಿಗೆ ಎರಕ ಹೊಯ್ದೇ ಬದುಕಿವೆ. ಈ ಗಡಿ ಜಿಲ್ಲೆಗಳ ಸಾವಿರಾರು ಕೈಗಳು ಆ ಬೆಂಕಿಯ ಮುಂದೆ ದುಡಿಯುತ್ತವೆ. ತಪ್ಪು ಹೆಸರಿನಲ್ಲಿ ಅರ್ಧ ಸುಂಕಕ್ಕೆ ಇಳಿದ ಮಾಲು, ಪೂರ್ತಿ ತೆರಿಗೆ ಕಟ್ಟಿ, ಪಗಾರ ಕೊಟ್ಟು ಮಾಡಿದ ಮಾಲಿನ ಪಕ್ಕದಲ್ಲಿ ಅಂಗಡಿಯಲ್ಲಿ ಕೂತಾಗ ಸೋಲುವವರು ನಮ್ಮವರೇ. ಸೋಲಿಸುವವರೂ ನಾವೇ, ಅಗ್ಗದ್ದು ಕೊಡಿ ಎಂದು ಕೇಳುವ ನಾವು. ಹೆಸರು ಮರೆಮಾಚಿ ಬಂದ ಲೈನರ್ ಘಟ್ಟದಲ್ಲಿ ಹಿಡಿಯದೆ ಹೋದರೆ ಯಾರ ಮೇಲೆ ದಾವೆ ಹೂಡುತ್ತೇವೆ? ಕೈಯಲ್ಲಿ ಬಿಲ್ಲೇ ಇಲ್ಲ.

ಮೂಲ ಸುಂಕ ಕೇಂದ್ರವು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆಗಳಲ್ಲೊಂದು. ಹದಿನೈದನೆಯ ಹಣಕಾಸು ಆಯೋಗ ರಾಜ್ಯಗಳಿಗೆ ಕೊಟ್ಟ ಪಾಲು ಶೇ 41. 2012ರಲ್ಲಿ, ಸರಕಾರ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ನಮ್ಮ ಹಳ್ಳಿಗಳು ಠರಾವು ಮಾಡಿದವು. 2022ರಲ್ಲಿ ಅದೇ ಮಾತು ಎರಡೂ ರಾಜ್ಯಗಳಲ್ಲಿ ಮತ್ತೆ ಗದ್ದಲ ಎಬ್ಬಿಸಿತು. ಆ ಸಿಟ್ಟು ನ್ಯಾಯವಾದದ್ದು, ಒಣಗಿದ ಬಾವಿಯ ಮುಂದೆ ನಿಂತವರಿಗೆ ಸಿಟ್ಟು ಬರಲೇಬೇಕು. ಆದರೆ ಕಾಲುವೆ ತೋಡುವ ಹಣ ಯಾವ ಖಜಾನೆಯಿಂದ ಬರುತ್ತದೆಯೋ ಅದೇ ಖಜಾನೆಗೆ ಹೋಗುವ ದುಡ್ಡನ್ನು ಅಂಗಡಿಯ ಗಲ್ಲೆಯಲ್ಲೇ ತಡೆಹಿಡಿದು, ಸಂಜೆ ಕಟ್ಟೆಯ ಮೇಲೆ ಕೂತು ಸರಕಾರ ಸತ್ತಿದೆ ಎನ್ನುವುದು ಯಾವ ನ್ಯಾಯ?

ವರ್ಗೀಕರಣ ಕಠಿಣ, ನ್ಯಾಯಾಲಯಗಳೇ ಜಗಳಾಡುತ್ತವೆ ಎಂಬ ನೆಪ ನನಗೆ ಗೊತ್ತಿದೆ. ಕಠಿಣವೇ. ಕಾರಿನೊಳಗೆ ಹಾಸುವ ಹಾಸು ಕಾರಿನ ಭಾಗವೋ ಜಮಖಾನೆಯೋ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಬೇಕಾಯಿತು. ಅದು 5703ರ ಜಮಖಾನೆಯೇ ಎಂದಿತು. 2021ರಲ್ಲಿ ರೈಲ್ವೆ ಸಿಗ್ನಲ್ಲಿನ ರಿಲೇಗಳ ವ್ಯಾಜ್ಯದಲ್ಲಿ ಬಂದ ತೀರ್ಪು ವಾಹನ ಭಾಗಗಳವರನ್ನೂ ಗೊಂದಲಕ್ಕೆ ಕೆಡವಿತು. 2022ರ ಜನವರಿಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ, ಪ್ರತಿ ಭಾಗವನ್ನೂ ಅದರದರ ಟಿಪ್ಪಣಿಯಂತೆ ಬಿಡಿಬಿಡಿಯಾಗಿ ನೋಡಿರಿ ಎಂದು ಸೂಚನೆ ಹೊರಡಿಸಬೇಕಾಯಿತು. ಆದರೆ ಆ ವ್ಯಾಜ್ಯಗಳಲ್ಲಿ ನಿಂತವರು ವಸ್ತು ಇಂಥದ್ದು ಎಂದು ಮುಂದಿಟ್ಟು ವಾದಿಸಿದರು. ನಾವು ನೋಡದೆಯೇ ಬರೆಯುತ್ತೇವೆ, ಕೇಳದೆಯೇ ಕೊಳ್ಳುತ್ತೇವೆ. ಸಂಶಯ ನಿಜವಾದದ್ದೇ ಆಗಿದ್ದರೆ ಅದಕ್ಕೂ ದಾರಿ ಇದೆ. ಮಾಲು ಹಡಗೇರುವ ಮೊದಲೇ ಮುಂಬಯಿಯಲ್ಲಿರುವ ಕಸ್ಟಮ್ಸ್ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಹತ್ತು ಸಾವಿರ ರೂಪಾಯಿ ಕಟ್ಟಿ, ಭಾಗದ ನಕಾಶೆ, ವಿವರ ಲಗತ್ತಿಸಿ ಅರ್ಜಿ ಹಾಕಬಹುದು. ಮೂರು ತಿಂಗಳೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ. ಆ ಉತ್ತರ ಅರ್ಜಿದಾರನಿಗೂ ಇಲಾಖೆಗೂ ಸಮನಾಗಿ ಕಟ್ಟುಪಾಡು.